ಹಳೇ ಕಟ್ಟಿಗಿ ಯಾರದು?

ಜೋರಾಪುರ ಪೇಟೆಯ ನಮ್ಮ ಮನೆ ಕೆಡವಿ ಕಟ್ಟಬೇಕು ಅಂತ ಅಪ್ಪ ಹೇಳೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಈ ಸಲ ಯುಗಾದಿಗೆ ಊರಿಗೆ ಹೋದಾಗ ಮಾತು ಕಾಗದಕ್ಕೆ ಇಳಿದಿತ್ತು. ಗುತ್ತೇದಾರರು ಕೊಟ್ಟ ಕರಾರು ಪತ್ರ, ಒಂದೂವರೆ ಪುಟ. "ನೀ ಇಂಜಿನಿಯರ್ ಅದಿ, ಒಮ್ಮಿ ನೋಡಪಾ" ಅಂದರು ಅಪ್ಪ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಅಪ್ಪನ ಲೆಕ್ಕದಲ್ಲಿ ಇಂಜಿನಿಯರ್ ಅಂದ್ರೆ ಇಂಜಿನಿಯರ್, ಅಷ್ಟೇ.

ಕಟ್ಟಿಗೆ ಬಗ್ಗೆ ಅದರಲ್ಲಿ ಇದ್ದದ್ದು ಎರಡು ಸಾಲು. ಬಾಗಿಲು, ಚೌಕಟ್ಟುಗಳನ್ನು ಉತ್ತಮ ದರ್ಜೆಯ ಸಾಗವಾನಿಯಲ್ಲಿ ಮಾಡಿಕೊಡಲಾಗುವುದು ಅನ್ನೋದು ಮೊದಲನೆಯದು. ಹಳೇ ಕಟ್ಟಡವನ್ನು ಉಚಿತವಾಗಿ ಕೆಡವಿಕೊಡಲಾಗುವುದು, ಅದರಿಂದ ಬಂದ ಸಾಮಾನು ಗುತ್ತೇದಾರರಿಗೆ ಸೇರತಕ್ಕದ್ದು ಅನ್ನೋದು ಎರಡನೆಯದು. ಫ್ರೀ ಆ್ಯಪ್ ಕಂಡ್ರೆ ಅದು ಕೇಳೋ ಪರ್ಮಿಷನ್‌ಗಳನ್ನ ಮೊದಲು ನೋಡೋ ಅಭ್ಯಾಸ ನನಗೆ. ಉಚಿತ ಅನ್ನೋ ಶಬ್ದದ ಹತ್ತಿರವೇ ನಿಂತೆ.

ನಮ್ಮದು ಪೇಟೆಯ ಹಳೇ ಮನೆಗಳ ಹಾಗೆ ಮಾಳಿಗೆ ಮನೆ. ಗೋಡೆ ಎರಡು ಅಡಿ ದಪ್ಪ, ಕಲ್ಲು ಮತ್ತು ಮಣ್ಣು. ನೋಡಿದವರಿಗೆ ಗೋಡೆಯೇ ಮಾಳಿಗೆ ಹೊತ್ತ ಹಾಗೆ ಕಾಣುತ್ತೆ. ಆದರೆ ಭಾರ ಹೊತ್ತಿರೋದು ಕಟ್ಟಿಗೆ: ಕಲ್ಲಿನ ಮೇಲೆ ಕೂತ ಕಂಬ, ಕಂಬದ ತಲೆ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಮಣ್ಣು. ಕಂಬದ ಬುಡಕ್ಕೆ ಕಲ್ಲು ಇಟ್ಟಿದ್ದು ಚಂದಕ್ಕಲ್ಲ, ನೆಲದ ತೇವ ಮತ್ತು ಗೆದ್ದಲು ಸೀದಾ ಕಟ್ಟಿಗೆಗೆ ಹತ್ತಬಾರದು ಅಂತ.

ನಮ್ಮಿಂದ ಸುಮಾರು 160 ಕಿಲೋಮೀಟರ್ ದೂರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪ ಆದಾಗ ಕೊಂದದ್ದು ಸರಿಯಾಗಿ ಬೆಸೆಯದ ಕಲ್ಲಿನ ಗೋಡೆ ಮತ್ತು ಮಾಳಿಗೆಯ ಮಣ್ಣಿನ ಭಾರ. ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ ತೊಲೆಗಳ ಮೇಲೆ ಮಾಳಿಗೆ ಹಾಗೇ ನಿಂತಿತ್ತು. ಹಾಗಂತ ನಮ್ಮ ಮನೆ ಇಟ್ಟುಕೊಳ್ಳಿ ಅಂತ ನಾನು ವಾದಿಸಲಿಲ್ಲ. ಪ್ರತಿ ಮಳೆಗಾಲಕ್ಕೂ ಮೇಲೆ ಮಣ್ಣು ಹಾಕಿ ಹಾಕಿ ಭಾರ ಎಷ್ಟಾಗಿದೆಯೋ, ಅವ್ವ ಮಳೆ ಬಂದ ರಾತ್ರಿ ನಿದ್ದೆ ಮಾಡೋಲ್ಲ. ಕೆಡವೋದು ಸರಿ. ಪ್ರಶ್ನೆ ಇದ್ದದ್ದು ಕೆಡವಿದ ಮೇಲಿನದು.

ಅಪ್ಪನಿಗೆ ಮಂಚ ಮಾಡಿಕೊಟ್ಟಿದ್ದ ಬಡಿಗ್ಯಾರ ಕಾಕಾನನ್ನು ಕರೆದೆ. ಒಂದೊಂದು ಕಂಬವನ್ನೂ ಉಳಿಯಿಂದ ಸ್ವಲ್ಪ ಕೆರೆದು, ಮೂಸಿ, ಬಡಿದು ಸದ್ದು ಕೇಳಿ ಹೇಳಿದರು: "ಕಂಬ, ತೊಲಿ ಸಾಗವಾನಿ ಅದಾವು. ಜಂತಿ ಬೇವಿಂದು. ಈ ಮೂಲಿ ತೊಲಿ ಒಳಗ ಟೊಳ್ಳ ಐತಿ ನೋಡ್." ನಾನು ಫೋನಿನಲ್ಲಿ ಶೀಟ್ ತೆರೆದು ಬರೆದುಕೊಂಡೆ. ಲೆಕ್ಕ ಸುಲಭ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 9 ಅಡಿಯ 8×8 ಕಂಬ ಅಂದ್ರೆ 4 ಘನ ಅಡಿ, ಅಂಥವು 14. 12 ಅಡಿಯ 9×8 ತೊಲೆ ಅಂದ್ರೆ 6, ಅಂಥವು 10. 6 ಅಡಿಯ 4×3 ಜಂತಿ ಅರ್ಧ ಘನ ಅಡಿ, ಅಂಥವು 90. ಒಟ್ಟು 161. ಬೇವು, ಸಾಗವಾನಿ ಎಲ್ಲ ಸೇರಿಸಿ ಘನ ಅಡಿಗೆ ಬರೀ ಸಾವಿರ ರೂಪಾಯಿ ಅಂತ ಹಿಡಿದರೂ ಒಂದೂ ಅರವತ್ತೊಂದು ಸಾವಿರ. ಉಚಿತದ ಬೆಲೆ ಅದು.

ಆವತ್ತೇ ರಾತ್ರಿ ಸೊಲ್ಲಾಪುರದಿಂದ ಕಾಕಾನ ಫೋನ್. ಮನೆ ಅಪ್ಪ ಮತ್ತು ಕಾಕಾ ಇಬ್ಬರ ಹೆಸರಿನಲ್ಲಿದೆ, ಹೊಸದು ಕಟ್ಟಿಸ್ತಿರೋದು ಅಪ್ಪ. "ಜಾಗದ್ದು ನಿಮ್ಮಪ್ಪಗ ಮೊದ್ಲ ಹೇಳೀನಿ, ಅದರ ಮಾತ ಬ್ಯಾಡ. ಕಟ್ಟಿಗಿ ಲೆಕ್ಕ ಯಾರ ಬರದಾರ ತಮ್ಮಾ?" ಅಂದ. ದನಿ ತಣ್ಣಗಿತ್ತು. ನಾನು ಶೀಟ್ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಬಂದ ಉತ್ತರ: "ಪಡಸಾಲಿ ನಡುಗಂಬ ನನಗ ಇರ್ಲಿ." ಆ ಕಂಬಕ್ಕೆ ಅಜ್ಜ ಅವರಿಬ್ಬರನ್ನೂ ನಿಲ್ಲಿಸಿ ಎತ್ತರದ ಗೆರೆ ಕೊರೆದಿದ್ದ. ಶೀಟ್ ಇಲ್ಲದೆ ಆ ಕಂಬ ಗಾಡಿ ಹತ್ತಿ ಅಡ್ಡೆಗೆ ಹೋಗಿದ್ದರೆ ಇಬ್ಬರ ಮಾತು ಎಲ್ಲಿಗೆ ಹೋಗ್ತಿತ್ತು ಅಂತ ಯೋಚಿಸೋಕೂ ಮನಸ್ಸಾಗಲ್ಲ.

ಹಾಗಾಗಿ ಎರಡನೇ ಸಾಲು ಹೊಸದಾಗಿ ಬರೆದೆವು. ಬಿಚ್ಚುವ ಮೊದಲು ಪ್ರತಿ ಕಂಬ, ತೊಲೆಗೆ ಬಣ್ಣದಲ್ಲಿ ನಂಬರ್, ಫೋಟೊ. ಕೆಡವುವುದಲ್ಲ, ಬಿಚ್ಚುವುದು, ಅಂದ್ರೆ ಜೆಸಿಬಿ ಬರೋದು ಕಟ್ಟಿಗೆ ಇಳಿದ ಮೇಲೆ. ಅದಕ್ಕೆ ಕೂಲಿ ಬೇರೆ ಕೊಡ್ತೀವಿ. ಕಟ್ಟಿಗೆ ಮಾಲೀಕರದು, ಕಲ್ಲು ಮಣ್ಣು ಗುತ್ತೇದಾರರದು.

ಇನ್ನು ಮೊದಲನೇ ಸಾಲು. "ಉತ್ತಮ ದರ್ಜೆ" ಅನ್ನೋದು ನಮ್ಮ ಕ್ಲೈಂಟುಗಳು "ಆ್ಯಪ್ ಫಾಸ್ಟ್ ಇರಬೇಕು" ಅಂತ ಬರೆದ ಹಾಗೆ, ಆಮೇಲೆ ಜಗಳ ಗ್ಯಾರಂಟಿ. ಸಾಗವಾನಿ ಅಂದ್ರೆ ಯಾವುದು? ದಾಂಡೇಲಿ ಕಡೆಯದೋ, ಬರ್ಮಾದ್ದೋ, ಆಫ್ರಿಕಾದ ತೋಟದ್ದೋ? ದರ ಒಂದೇ ಅಲ್ಲ. 5×3 ಚೌಕಟ್ಟು ಅಂದ್ರೆ ಕೊಯ್ದ ಅಳತೆಯೋ, ರಂದಾ ಹೊಡೆದ ಮೇಲಿನದೋ? ದುಂಡು ದಿಮ್ಮಿ ಕೊಂಡರೆ ಇನ್ನೂ ಮಜಾ. ಸುತ್ತಳತೆಯ ಕಾಲು ಭಾಗವನ್ನು ಬದಿ ಅಂತ ಹಿಡಿದು ಲೆಕ್ಕ ಹಾಕೋದು ಹಳೇ ಪದ್ಧತಿ. 48 ಇಂಚು ಸುತ್ತಳತೆಯ 12 ಅಡಿ ದಿಮ್ಮಿ ಈ ಲೆಕ್ಕದಲ್ಲಿ 12 ಘನ ಅಡಿ, ನಿಜದಲ್ಲಿ 15ಕ್ಕಿಂತ ಸ್ವಲ್ಪ ಜಾಸ್ತಿ. ಇದು ಮೋಸ ಅಲ್ಲ, ಕೊಯ್ಯುವಾಗ ಹೋಗೋ ಭಾಗಕ್ಕೆ ಬಿಟ್ಟದ್ದು. ಆದರೆ ಯಾವ ಲೆಕ್ಕ ಅಂತ ಬರೆದಿರಬೇಕು.

ಎಲ್ಲರೂ ಮರೆಯೋದು ತೇವಾಂಶ. ಐಎಸ್ 287 ಅನ್ನೋ ಭಾರತೀಯ ಮಾನಕ ಇದಕ್ಕೇ ಇದೆ. ಹವೆಯ ಆರ್ದ್ರತೆ ನೋಡಿ ದೇಶವನ್ನು ನಾಲ್ಕು ವಲಯ ಮಾಡಿ, 50 ಮಿಲಿಮೀಟರ್ ಮತ್ತು ಮೇಲಿನ ದಪ್ಪದ ಬಾಗಿಲು ಕಿಟಕಿ ಕಟ್ಟಿಗೆಗೆ 10ರಿಂದ 16 ಶೇಕಡಾ, ತೊಲೆಗಳಿಗೆ 12ರಿಂದ 20 ಶೇಕಡಾ ಮಿತಿ ಹಾಕಿದೆ. ಹಸಿ ಕಟ್ಟಿಗೆಯ ಬಾಗಿಲು ವಿಜಯಪುರದ ಏಪ್ರಿಲ್ ಬಿಸಿಲಿಗೆ ಸೀಳದೆ ಇರುತ್ತಾ? ಅಳೆಯೋ ಚಿಕ್ಕ ಮೀಟರ್ ಆನ್‌ಲೈನಲ್ಲೇ ಸಿಗುತ್ತೆ. ನಾನು ತರಿಸಿದ್ದನ್ನು ಬಡಿಗ್ಯಾರ ಕಾಕಾ ನೋಡಿ, "ನನ್ನ ಮೂಗು ಐತಲ್ಲೋ" ಅಂದರು.

ನಮ್ಮ ಗುತ್ತೇದಾರರಿಗೆ ಇದೆಲ್ಲ ಹೊಸದು. ಅವರನ್ನೊಬ್ಬರನ್ನೇ ಬೈದು ಪ್ರಯೋಜನ ಇಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯೇ 1993ರಿಂದ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನು ನಿಷೇಧಿಸಿ, ಆ ನಿಷೇಧ ತೆಗೆದದ್ದು 2020ರಲ್ಲಿ. ಅಷ್ಟು ವರ್ಷ ಸರಕಾರಿ ಕೆಲಸದಲ್ಲಿ ಕಬ್ಬಿಣ, ಕಾಂಕ್ರೀಟು ನೋಡಿ ಬೆಳೆದವರಿಗೆ ಕಟ್ಟಿಗೆಯ ಕರಾರು ಬರೆಯೋ ರೂಢಿ ಎಲ್ಲಿಂದ ಬರಬೇಕು?

ಒಂದು ಮಾತು, ನನ್ನ ಫ್ರೆಂಡ್ಸೇ ತಪ್ಪು ತಿಳಿದಿರೋದು. ರೇರಾದ ಐದು ವರ್ಷದ ದೋಷ ಹೊಣೆ ಬಿಲ್ಡರ್ ಕಟ್ಟಿ ಮಾರೋ ಫ್ಲ್ಯಾಟು, ಮನೆಗಳಿಗೆ. ಸ್ವಂತ ಜಾಗದಲ್ಲಿ ನೀವೇ ಗುತ್ತಿಗೆ ಕೊಟ್ಟರೆ ಅದು ತಾನಾಗಿ ಬರಲ್ಲ. ಎಷ್ಟು ತಿಂಗಳು ರಿಪೇರಿ ಹೊಣೆ, ಅಲ್ಲಿವರೆಗೆ ಎಷ್ಟು ಹಣ ಹಿಡಿದಿಡ್ತೀರಿ ಅನ್ನೋದನ್ನ ನೀವೇ ಬರೆಸಬೇಕು. ಹಾಗಂತ ಕೈ ಖಾಲಿ ಏನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ "ಸೇವೆ"ಯೇ, ಕೆಲಸ ಕೆಟ್ಟರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಮೊದಲು ಕೇಳೋದು ಕಾಗದ.

ಗುತ್ತೇದಾರರು ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಓದಿ, ತಮ್ಮದೂ ಒಂದು ಸಾಲು ಸೇರಿಸಿದರು: ಬಿಚ್ಚುವಾಗ ಒಳಗೆ ಹುಳ ತಿಂದ, ಟೊಳ್ಳಾದ ತೊಲೆ ಮುರಿದರೆ ನನ್ನ ಹೊಣೆ ಅಲ್ಲ. ನ್ಯಾಯವೇ, ಒಪ್ಪಿದೆವು.

ಆದರೆ ಸಹಿ ಇನ್ನೂ ಆಗಿಲ್ಲ. ಉತ್ತರದ ಗೋಡೆ ನಮಗೂ ಪಕ್ಕದ ಮನೆಗೂ ಒಂದೇ. ಅಲ್ಲಿ 11ನೇ ಕಂಬಕ್ಕೆ ನಂಬರ್ ಬರೆಯೋಕೆ ಏಣಿ ಹತ್ತಿದ ಬಡಿಗ್ಯಾರ ಕಾಕಾ ಮೇಲಿಂದಲೇ ಕೂಗಿದರು: "ಇಲ್ಲಿ ನೋಡ ಬಾ, ಅವರ ಜಂತಿ ನಾಕು ನಮ್ಮ ತೊಲಿ ಮ್ಯಾಲ ಕುಂತಾವು!" ನಮ್ಮ ತೊಲೆ ಇಳಿಸಿದರೆ ಅವರ ಅಡುಗೆಮನೆ ಮಾಳಿಗೆಗೆ ಆಸರೆ ಇಲ್ಲ. ಪಕ್ಕದ ಮನೆ ಅಜ್ಜಿ ಒಬ್ಬರೇ ಇರೋದು, ಮಗ ಪುಣೆಯಲ್ಲಿ. ಬರೋ ಭಾನುವಾರ ಅವನು ಬರ್ತಾನೆ. ಅಪ್ಪ ಈಗಲೇ ಇನ್ನೊಂದು ಬಾಂಡ್ ಪೇಪರ್ ತಂದಿಟ್ಟಿದ್ದಾರೆ.