ನೂಲಿನಂತೆ ಸೀರೆಯೆ?

ಕಳೆದ ವರ್ಷ ಒಂದು ನೇಮಕದ ದೇಹಪರೀಕ್ಷೆಯಲ್ಲಿ ನನ್ನನ್ನು ಅಳತೆಗೋಲಿಗೆ ಒರಗಿಸಿ ನಿಲ್ಲಿಸಿದರು. ಬೇಕಾದುದಕ್ಕಿಂತ ಎರಡು ಸೆಂಟಿಮೀಟರು ಕಡಿಮೆ. ಓಟದಲ್ಲಿ ಗೆದ್ದಿದ್ದವನು ಅಲ್ಲಿಂದಲೇ ಊರಿಗೆ ಹಿಂದಿರುಗಿದೆ. "ನಮ್ಮ ವಂಶದಲ್ಲಿ ಎತ್ತರದೋರು ಯಾರವ್ರೆ ಮಗ, ಬುಡು" ಎಂದಳು ಅವ್ವ. ನೂಲಿನಂತೆ ಸೀರೆ ಎಂಬ ಗಾದೆಯನ್ನು ಅಂದು ನಾನೂ ನಂಬಿದೆ. ಬಿ.ಎ. ಓದುವವನಿಗೆ ಜೀವಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಳತೆಗೋಲಿನ ಕೆಳಗೆ ನಿಂತವನಿಗೆ ಆ ಗೊಡವೆ ತಪ್ಪದು.

ಗಾದೆ ಪೂರ್ತಿ ಸುಳ್ಳಲ್ಲ. ಕೈಕಾಲುಗಳ ಉದ್ದನೆಯ ಎಲುಬುಗಳ ತುದಿಗಳಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದಿದೆ. ಅಲ್ಲಿ ಜೀವಕೋಶಗಳು ಹೆಚ್ಚುತ್ತ, ಹಿಂದಿನಿಂದ ಎಲುಬಾಗುತ್ತ ಬಂದಂತೆ ನಾವು ಬೆಳೆಯುತ್ತೇವೆ. ಹರೆಯ ಮುಗಿಯುವ ಹೊತ್ತಿಗೆ ಆ ಪದರವೂ ಎಲುಬಾಗಿ ಮುಚ್ಚಿಹೋಗುತ್ತದೆ. (ಎತ್ತರ ಹೆಚ್ಚಿಸುವ ಪುಡಿಯ ಡಬ್ಬಿ ಕೊಳ್ಳುವ ಹಾಸ್ಟೆಲಿನ ಮಿತ್ರರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ಪ್ರಾರ್ಥನೆ.) ಈ ಬೆಳವಣಿಗೆಯನ್ನು ಆಳುವ ಜೀನು ಒಂದೆರಡಲ್ಲ. 2022ರಲ್ಲಿ ವಿಜ್ಞಾನಿಗಳು ಐವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ, ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿದರು. ಒಂದೊಂದರ ಪಾಲೂ ಕೂದಲೆಳೆಯಷ್ಟು.

ಚೆನ್ನಾಗಿ ಉಂಡು ಬೆಳೆದ ಜನರೊಳಗೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಎತ್ತರದ ವ್ಯತ್ಯಾಸದಲ್ಲಿ ನೂರಕ್ಕೆ ಎಂಬತ್ತರಷ್ಟು ವಂಶದಿಂದ ಬಂದುದೆಂದು ಲೆಕ್ಕ. ನಾವು ಮೋಸಹೋಗುವುದು ಇಲ್ಲಿಯೇ. 'ಉಂಡು ಬೆಳೆದ' ಎಂಬ ಮಾತನ್ನು ಬಿಟ್ಟು ಎಂಬತ್ತನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. 1896ರಲ್ಲಿ ಹುಟ್ಟಿದವರಿಗಿಂತ 1996ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಹೆಂಗಸರು ಸರಾಸರಿ 20 ಸೆಂಟಿಮೀಟರು ಎತ್ತರ. ನಾಲ್ಕು ತಲೆಮಾರಿನಲ್ಲಿ ಒಂದು ಜನಾಂಗದ ಜೀನುಗಳು ಹಾಗೆ ಬದಲಾಗುವುದುಂಟೆ?

ಇದಕ್ಕಿಂತ ನನ್ನ ಕಣ್ಣು ತೆರೆಸಿದುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿತು. ಎಲ್ಲರೂ ತಾಯ ಹಾಲು ಕುಡಿದವರು, ಊಟಕ್ಕೂ ಆರೈಕೆಗೂ ಕೊರತೆಯಿಲ್ಲದ ಮನೆಯವರು. ಐದು ವರ್ಷದವರೆಗೆ ದೆಹಲಿಯ ಮಗುವೂ ನಾರ್ವೆಯ ಮಗುವೂ ಹೆಚ್ಚುಕಡಮೆ ಒಂದೇ ಸಮನಾಗಿ ಬೆಳೆದವು. ದೇಶದೇಶಗಳ ನಡುವಿನ ಅಂತರ ಅತ್ಯಲ್ಪ. ಒಂದೇ ಊರಿನ ಮಕ್ಕಳ ನಡುವಿನದೇ ಹೆಚ್ಚು. ಅದೇ ಅಳತೆ ಹಿಡಿದು ನೋಡಿದಾಗ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅಷ್ಟು ಮನೆಗಳ ವಂಶವೂ ಗಿಡ್ಡವೆ?

ಅವ್ವನನ್ನು ಕೇಳಿದೆ. ನಾನು ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳವರೆಗೂ ಕಬ್ಬು ಕಡಿಯಲು ಹೋಗುತ್ತಿದ್ದಳಂತೆ; ಮಧ್ಯಾಹ್ನಕ್ಕೆ ಮುದ್ದೆ, ಉಪ್ಪುಸಾರು, ರಾತ್ರಿ ಇದ್ದರೆ ಉಂಟು. ನನ್ನ ಎರಡು ಸೆಂಟಿಮೀಟರನ್ನು ತಿಂದುದು ಜೀನೋ ಆ ರಾತ್ರಿಗಳೋ, ಯಾವ ವಿಜ್ಞಾನಿಯೂ ಬಿಡಿಸಿ ಹೇಳಲಾರ. ನೂರಕ್ಕೆ ಎಂಬತ್ತು ಎಂಬುದು ಗುಂಪಿನ ಲೆಕ್ಕ, ಒಬ್ಬನ ಲೆಕ್ಕವಲ್ಲ. ನನ್ನ ತಕರಾರು ಬೇರೆ. ವಂಶ ಎಂದು ಹೇಳಿದೊಡನೆ ಕೇಳಬೇಕಾದ ಪ್ರಶ್ನೆಯೇ ಸತ್ತುಹೋಗುತ್ತದೆ. ಬಡವರು ಅದನ್ನು ಸಮಾಧಾನಕ್ಕೆ ಹೇಳಿಕೊಳ್ಳುತ್ತಾರೆ, ಉಳ್ಳವರಿಗೆ ಅದು ಅನುಕೂಲ.

ಮೊನ್ನೆ ಅಂಗನವಾಡಿಯ ಕಾರ್ಯಕರ್ತೆ ಅಣ್ಣನ ಮಗಳನ್ನು ಅಳೆದು, ಗೆರೆಗಿಂತ ಕೆಳಗೆ ಚುಕ್ಕೆಯಿಟ್ಟರು. "ನಮ್ಮನೇಲಿ ಎಲ್ಲಾ ಹಿಂಗೇಯ" ಎಂದರು ಅತ್ತಿಗೆ. "ಆ ಮಾತು ಮಾತ್ರ ಬ್ಯಾಡಿ ಅತ್ತಿಗೆ, ಮಗೀಗೆ ಏನು ತಿನ್ನಿಸ್ತಿದೀರಿ ಹೇಳಿ" ಎಂದೆ. ಕುಂಠಿತವಾಗುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ. ಅವಳಿಗೀಗ ಹದಿನಾಲ್ಕು ತಿಂಗಳು.