ಆಟಕ್ಕೆ ಬಂದವರು

ಅಲೆಕ್ಸಾಂಡರ್ ಫ್ಲೆಮಿಂಗ್ ಡಾಕ್ಟರಾಗಲು ಹೊರಟಾಗ ಲಂಡನ್ನಿನಲ್ಲಿ ಹನ್ನೆರಡು ವೈದ್ಯಕೀಯ ಶಾಲೆಗಳಿದ್ದವು. ಅವುಗಳಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯದನ್ನೇ ಆರಿಸಿಕೊಂಡದ್ದೇಕೆ? ಅಲ್ಲಿನ ತಂಡದ ಎದುರು ಹಿಂದೆ ವಾಟರ್ ಪೋಲೊ ಆಡಿದ್ದರು, ಅಷ್ಟೇ. ಕಟ್‌ಆಫ್, ರ‍್ಯಾಂಕ್ ಎಂದು ಮಕ್ಕಳಿಗಿಂತ ಮೊದಲು ಅಪ್ಪ ಅಮ್ಮನೇ ಬೆವರುವ ಕಾಲವಿದು; ಇದನ್ನು ಯಾರ ಮುಂದಾದರೂ ಹೇಳಲು ನನಗೆ ತುಸು ಸಂಕೋಚ.

1881ರಲ್ಲಿ ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದವರು. ಹಡಗು ಕಂಪನಿಯಲ್ಲಿ ನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ಬೇಸತ್ತಿದ್ದಾಗ ಚಿಕ್ಕಪ್ಪನ ಆಸ್ತಿಯಲ್ಲಿ ಪಾಲು ಸಿಕ್ಕಿತು, ಓದಿಗೆ ದಾರಿಯಾಯಿತು. 1906ರಲ್ಲಿ ಪದವಿ ಕೈಗೆ ಬಂದಾಗ ಶಸ್ತ್ರಚಿಕಿತ್ಸಕರಾಗುವ ಯೋಚನೆಯಿತ್ತು. ಆದರೆ ಕಾಲೇಜಿನ ರೈಫಲ್ ತಂಡಕ್ಕೆ ಒಳ್ಳೆಯ ಗುರಿಕಾರನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಹೇಗಾದರೂ ಇಲ್ಲೇ ಉಳಿಸಿಕೊಳ್ಳಬೇಕೆಂದು ಗೆಳೆಯರೊಬ್ಬರು ಆಲ್ಮ್‌ರಾತ್ ರೈಟ್ ಅವರ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಿದರು. ಬಂದೂಕಿನ ನೆಪದಲ್ಲಿ ಸೂಕ್ಷ್ಮಜೀವಿಗಳ ಸಹವಾಸ!

ಅಲ್ಲೂ ಆಟ ಬಿಡಲಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಬಣ್ಣ: ಒಂದು ಕೆಂಪು, ಒಂದು ಹಳದಿ, ಇನ್ನೊಂದು ಹೊಂಬಣ್ಣ. ಗಾಜಿನ ತಟ್ಟೆಯ ಅಗರ್ ಮೇಲೆ ಸಣ್ಣ ತಂತಿಯಿಂದ ಅವನ್ನು ಬಿತ್ತಿ ಫ್ಲೆಮಿಂಗ್ ಚಿತ್ರ ಬರೆಯುತ್ತಿದ್ದರು. ಬರೆಯುವಾಗ ಏನೂ ಕಾಣದು. ರಂಗೋಲಿಪುಡಿಯಿಲ್ಲದೆ ಎಳೆ ಎಳೆದ ಹಾಗೆ. ಕಾವಿನಲ್ಲಿಟ್ಟು ಕಾದರೆ ನರ್ತಕಿ, ಸೈನಿಕ, ಮನೆ ಮೆಲ್ಲಗೆ ಮೂಡಬೇಕು. ಒಂದು ಬೇಗ ಬೆಳೆಯುತ್ತದೆ, ಒಂದು ನಿಧಾನ. ಯಾವುದನ್ನು ಯಾವಾಗ ಬಿತ್ತಬೇಕೆಂಬ ಲೆಕ್ಕ ತಪ್ಪಿದರೆ ನರ್ತಕಿಯ ಲಂಗ ಮುಖಕ್ಕೇರೀತು. ಯಾವ ತಟ್ಟೆಯಲ್ಲಿ ಏನು ಹೇಗೆ ಬೆಳೆಯಬೇಕೆಂದು ಇಷ್ಟು ಬಲ್ಲವರಿಗೆ, ಬೆಳೆಯಬಾರದ್ದು ಬೆಳೆದರೆ ಕಣ್ಣಿಗೆ ಬೀಳದೆ ಇದ್ದೀತೇ?

1928ರ ಬೇಸಿಗೆ ರಜೆಗೆ ಹೊರಟಾಗ ತಟ್ಟೆಗಳನ್ನು ಮೇಜಿನ ಮೂಲೆಯಲ್ಲಿ ಪೇರಿಸಿಟ್ಟಿದ್ದರು. ಅಚ್ಚುಕಟ್ಟಿಗೆ ಹೆಸರಾದವರೇನಲ್ಲ. ಸೆಪ್ಟೆಂಬರ್ 3ಕ್ಕೆ ಮರಳಿ ನೋಡಿದರೆ ಒಂದು ತಟ್ಟೆಯಲ್ಲಿ ಬೂಷ್ಟು. ಅದರ ಸುತ್ತ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಅದೃಷ್ಟ ಎನ್ನುತ್ತಾರೆ. ಏಳು ವರ್ಷ ಹಿಂದೆ ತಮ್ಮದೇ ನೆಗಡಿಯ ಸಿಂಬಳವನ್ನು ತಟ್ಟೆಗೆ ಹಾಕಿ, ಬ್ಯಾಕ್ಟೀರಿಯಾ ಕರಗಿಸುವ ಲೈಸೋಜೈಮ್ ಕಂಡುಕೊಂಡಿದ್ದವರು ಅವರು, ಅದನ್ನು ಮರೆಯಬಾರದು. ಬೂಷ್ಟಿನ ರಸವನ್ನು ಪೆನಿಸಿಲಿನ್ ಎಂಬ ಔಷಧಿಯಾಗಿಸುವ ಕಷ್ಟವನ್ನು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಹೊತ್ತರು ಎಂಬುದನ್ನೂ. 1945ರ ನೊಬೆಲ್ ಮೂವರಿಗೂ ಸಂದಿತು.

ನಮ್ಮ ಮನೆಯಲ್ಲಂತೂ ಉಪ್ಪಿನಕಾಯಿಯ ಮೇಲೆ ಬೂಷ್ಟು ಕಂಡರೆ ಜಾಡಿ ನೇರ ಹಿತ್ತಲಿಗೆ. ಯಾರೂ ಬಗ್ಗಿ ನೋಡಿದ್ದಿಲ್ಲ.