ಚಾರ್ಮಾಡಿ ಇಳಿಯುವ ಮೊದಲು ಚಕ್ರ ಬಿಚ್ಚಿ ನೋಡಿ!

ಕನ್ನಡದ ತರುಣರೇ, ರಜೆ ಬಂತೆಂದರೆ ಬೆಂಗಳೂರಿನಿಂದ ಕಾರು ಹತ್ತಿ ಧರ್ಮಸ್ಥಳಕ್ಕೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೊರಡುತ್ತೀರಿ. ಸಂತೋಷ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನಿಮ್ಮ ಜೀವ ಯಾವುದರ ಮೇಲೆ ನಿಂತಿದೆ, ಬಲ್ಲಿರಾ? ಬೆರಳಿನಷ್ಟೂ ದಪ್ಪವಿಲ್ಲದ ಬ್ರೇಕ್ ಪ್ಯಾಡಿನ ಮೇಲೆ! ಕಾರಿನ ಬಣ್ಣ, ಹಾಡಿನ ಪೆಟ್ಟಿಗೆ, ಮೈಲೇಜು ಎಲ್ಲ ಬಾಯಿಪಾಠ. ಪ್ಯಾಡು ಎಷ್ಟು ಸವೆದಿದೆ ಎಂದರೆ ಮಾತಿಲ್ಲ.

ಪೆಡಲ್ ಒತ್ತಿದಾಗ ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಕಂಪನಿಯವರು ರೋಟರ್ ಎನ್ನುವುದೂ ಇದನ್ನೇ. ಗಾಡಿಯ ವೇಗವೆಲ್ಲ ಅಲ್ಲಿ ಬಿಸಿಯಾಗಿ ಮಾರ್ಪಡುತ್ತದೆ. ಘಾಟಿಯುದ್ದಕ್ಕೂ ಕೆಳಗಿನ ಗೇರಿಗೆ ಬಾರದೆ ಬ್ರೇಕ್ ತುಳಿದೇ ಇಳಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದರೆ ಬೇಗ ಕುದಿಯುತ್ತದೆ, ಆಗ ಪೆಡಲ್ ತಳಕ್ಕೇ ಹೋಗುತ್ತದೆ. ಬಂಟ್ವಾಳ, ಬೆಳ್ತಂಗಡಿಯ ಮಳೆಗಾಲದಲ್ಲಿ ನಿಂತ ಗಾಡಿಯ ಡಿಸ್ಕಿಗೆ ತುಕ್ಕು ಬೇರೆ.

ಇದನ್ನು ಮನೆಯಂಗಳದಲ್ಲೇ ಬದಲಿಸಬಹುದು. ಆದರೆ ಅರ್ಧಂಬರ್ಧ ಕಲಿತು ಕೈ ಹಾಕಬೇಡಿ. ಸಮತಟ್ಟಾದ ನೆಲ ಬೇಕು, ಉಳಿದ ಚಕ್ರಗಳಿಗೆ ಅಡ್ಡ ಕೊಡಬೇಕು. ಜಾಕಿಯನ್ನೊಂದನ್ನೇ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ಕೈಗೆ ಸಿಕ್ಕಿತೆಂದು ಮುರಕಲ್ಲು ಜೋಡಿಸಿದರೆ ಅದು ಪುಡಿಯಾಗಿ ಗಾಡಿ ನಿಮ್ಮ ಮೇಲೇ ಕೂತೀತು! ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ಜೋತುಬಿಡದೆ ತಂತಿಯಿಂದ ಕಟ್ಟಿ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತದೆ. ಅಳೆದು ನೋಡಿ, ಕಡಿಮೆಯಾಗಿದ್ದರೆ ಎಸೆಯಿರಿ. ಹೊಸ ಡಿಸ್ಕಿಗೆ ಸವರಿದ ಎಣ್ಣೆಯನ್ನು ಪೂರ್ತಿ ಒರೆಸಿ. ಪ್ಯಾಡಿನ ಮುಖಕ್ಕೆ ಗ್ರೀಸ್ ತಾಗಕೂಡದು. ಒಂದು ಬದಿ ಬದಲಿಸಿದರೆ ಎದುರು ಬದಿಯದ್ದನ್ನೂ ಬದಲಿಸಲೇಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಕೊನೆಗೆ, ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಇದನ್ನು ಮರೆತರೆ ಮೊದಲ ತಿರುವಿನಲ್ಲೇ ಬ್ರೇಕ್ ಇರುವುದಿಲ್ಲ!

"ಮೆಕ್ಯಾನಿಕ್ ಹೊಟ್ಟೆಗೆ ಹೊಡೆಯುತ್ತೀರಾ?" ಎನ್ನಬೇಡಿ. ಬಿ.ಸಿ. ರೋಡಿನ, ಮೂಡುಬಿದಿರೆಯ ಗ್ಯಾರೇಜುಗಳಲ್ಲಿ ತುಳು, ಬ್ಯಾರಿ, ಕನ್ನಡ ಆಡುತ್ತ ದುಡಿಯುವವರು ನಮ್ಮ ನಿಜವಾದ ಗುರುಗಳು. ಮೊದಲ ಸಲ ಅವರ ಪಕ್ಕದಲ್ಲಿ ನಿಂತೇ ಕಲಿಯಿರಿ. ಸಂಶಯ ಬಂದರೆ ಗಾಡಿ ಅವರಿಗೇ ಒಪ್ಪಿಸಿ. ಆದರೆ ತೆಗೆದ ಹಳೆಯ ಪ್ಯಾಡು ಕೇಳಿ ನೋಡಿ. ಕೆಲಸ ಗೊತ್ತಿರುವ ಗಿರಾಕಿಗೆ ಒಳ್ಳೆಯ ಮೆಕ್ಯಾನಿಕ್ ಹೆದರುವುದಿಲ್ಲ.

ಅವರ ಕೈಯಲ್ಲಿರುವ ಈ ವಿದ್ಯೆ ನಮ್ಮ ಕನ್ನಡದ ಪುಟಗಳಲ್ಲಿ ಎಷ್ಟಿದೆ? ಕನ್ನಡವೆಂದರೆ ಕವಿತೆ, ಭಾಷಣ, ನವೆಂಬರಿನ ಬಾವುಟ ಅಷ್ಟೇ ಏನು? ನಿಮ್ಮ ಕಾರಿನ ಜೊತೆ ಬಂದ ಪುಸ್ತಕ ತೆರೆಯಿರಿ. ಬ್ರೇಕಿನ ಎಚ್ಚರಿಕೆ ಯಾವ ಭಾಷೆಯಲ್ಲಿದೆ? ಜೀವ ಉಳಿಸುವ ಮಾತು ಓದುವವನಿಗೆ ಅರ್ಥವಾಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ! ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂಬ ಆಶಯ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿದೆ. ನಮ್ಮ ಬಿಡದಿಯಲ್ಲೇ ಕಾರು ತಯಾರಾಗುತ್ತದೆ. ಕೇಳುವವರು ನಾವಾಗಬೇಕು.

ಗೆಳೆಯರೇ, ಎರಡು ಕೆಲಸ ಮಾಡಿ. ಕನ್ನಡದ ಕೈಪಿಡಿ ಕೊಡಿ ಎಂದು ನಿಮ್ಮ ಕಾರಿನ ಕಂಪನಿಗೆ ಕನ್ನಡದಲ್ಲೇ ಕಾಗದ ಬರೆಯಿರಿ. ಗ್ಯಾರೇಜಿನಲ್ಲಿ ಕಲಿತದ್ದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಕನ್ನಡದಲ್ಲಿ ಬರೆದು ಹಂಚಿ. ಅದಕ್ಕೂ ಮೊದಲು, ಈ ಭಾನುವಾರವೇ, ನಿಮ್ಮ ಗಾಡಿಯ ಪ್ಯಾಡು ನೋಡಿ. ಮೂರು ಮಿಲಿಮೀಟರಿಗೆ ಇಳಿದಿದ್ದರೆ ಘಾಟಿಯ ಕಡೆ ಮುಖ ಹಾಕಬೇಡಿ!